ಮನೆ ಕಂದಾಯದ ಮಿತಿ ಎಲ್ಲಿರಬೇಕು? ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಇವರಿಗೆ:
ಕಾರ್ಯದರ್ಶಿಗಳು, ನಗರಾಭಿವೃದ್ಧಿ ಇಲಾಖೆ ಹಾಗೂ ಆರ್ಥಿಕ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ

ವಿಷಯ: ಆಸ್ತಿ ತೆರಿಗೆಯ ವಾರ್ಷಿಕ ಏರಿಕೆಗೆ ಮಿತಿ ಹಾಕುವುದು ಮತ್ತು ರಾಜ್ಯ ಬಜೆಟ್‌ನ ಕೊರತೆ ಪಾಲಿಕೆಯ ಮೇಲೆ ಬೀಳದಂತೆ ತಡೆಯುವುದು

ಮಾನ್ಯರೇ,

ಏಪ್ರಿಲ್ ಬಂತೆಂದರೆ ನಮ್ಮೂರಿನಲ್ಲಿ ಮನೆ ಕಂದಾಯದ ಮಾತು ಎರಡು ಕಡೆಗೆ ಎಳೆಯುತ್ತದೆ. ಏರಿಕೆಯೇ ಬೇಡ, ಈಗಿರುವ ಮೊತ್ತಕ್ಕೇ ನಿಲ್ಲಿಸಿ ಎನ್ನುವವರು ಒಂದು ಕಡೆ. ದುಡ್ಡು ಕೊಡದಿದ್ದರೆ ರಾಜಕಾಲುವೆ ಹೂಳು ತೆಗೆಸುವವರು ಯಾರು, ಬೀದಿ ದೀಪ ಉರಿಸುವವರು ಯಾರು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಮಿತಿ ಬೇಕು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅದನ್ನು ಹಾಕಬೇಕಾದ್ದು ಒಂದು ಮನೆಯ ಬಿಲ್ ಒಂದು ವರ್ಷದಲ್ಲಿ ಎಷ್ಟು ಏರಬಹುದು ಎಂಬುದಕ್ಕೆ. ಆಸ್ತಿಯ ಮೌಲ್ಯವನ್ನೇ ಹಳೆಯ ಲೆಕ್ಕಕ್ಕೆ ಕಟ್ಟಿಹಾಕಿದರೆ ಊರು ಬಡವಾಗುತ್ತದೆ. ಇದರ ಜೊತೆಗೆ ಸರ್ಕಾರ ತನಗೂ ಒಂದು ಮಿತಿ ಹಾಕಿಕೊಳ್ಳಬೇಕು: ವಿಧಾನಸೌಧದ ಕೊರತೆ ದಾವಣಗೆರೆಯ ಪಾಲಿಕೆಯ ಲೆಕ್ಕಕ್ಕೆ ದಾಟಬಾರದು.

ಮೊದಲು ಲೆಕ್ಕ. ಪಾಲಿಕೆಗಳ ಕಾಯ್ದೆ, ಅಂದರೆ ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ ತಿದ್ದುಪಡಿಯ ಪ್ರಕಾರ, 2021–22ರಿಂದ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯ (ಆಸ್ತಿ ನೋಂದಣಿಗೆ ಇಲಾಖೆ ನಿಗದಿ ಮಾಡುವ ಕನಿಷ್ಠ ಬೆಲೆ) ಶೇ 25ರಷ್ಟನ್ನು ತೆರಿಗೆಗೆ ಒಳಪಡುವ ಮೂಲಧನ ಮೌಲ್ಯವೆಂದು ಹಿಡಿಯಲಾಗುತ್ತದೆ. ಅದರ ಮೇಲೆ ಪಾಲಿಕೆ ನಿಗದಿ ಮಾಡಿದ ದರ ಬೀಳುತ್ತದೆ. ದರದ ಕನಿಷ್ಠ, ಗರಿಷ್ಠ ಎರಡನ್ನೂ ಕಾಯ್ದೆಯೇ ಕಟ್ಟಿದೆ. ವರ್ಷಕ್ಕೆ ಶೇ 3ರಿಂದ 5ರವರೆಗೆ ಏರಿಕೆಗೆ ಅವಕಾಶವಿದೆ.

ಒಂದು 30x40 ನಿವೇಶನ ತೆಗೆದುಕೊಳ್ಳಿ, 1,200 ಚದರಡಿ. ಲೆಕ್ಕ ಅರ್ಥವಾಗಲೆಂದು ನಿವೇಶನಕ್ಕೆ ಚದರಡಿಗೆ ₹2,000, ಕಟ್ಟಡಕ್ಕೆ ₹1,200, ತೆರಿಗೆ ದರ ಶೇ 0.5 ಎಂದು ನಾವೇ ಹಿಡಿದುಕೊಂಡಿದ್ದೇವೆ. ನಿಮ್ಮ ಬೀದಿಯ ದರ ಬೇರೆ ಇರುತ್ತದೆ. ಮನೆ 800 ಚದರಡಿ, ಹೊಸದು, ಹಾಗಾಗಿ ಸವಕಳಿ (ಕಟ್ಟಡ ಹಳೆಯದಾದಂತೆ ಬೆಲೆಯಲ್ಲಿ ಕಳೆಯುವ ಪಾಲು) ಇಲ್ಲ. ನಿವೇಶನದ ಬೆಲೆ ₹24 ಲಕ್ಷ, ಕಟ್ಟಡದ್ದು ₹9.6 ಲಕ್ಷ, ಒಟ್ಟು ₹33.6 ಲಕ್ಷ. ಅದರ ಶೇ 25 ಅಂದರೆ ₹8.4 ಲಕ್ಷ. ಅದಕ್ಕೆ ಶೇ 0.5ರಂತೆ ತೆರಿಗೆ ₹4,200.

ಇದರ ಮೇಲೆ ಸೆಸ್‌ಗಳು. ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರ ಪರಿಹಾರ ಶೇ 3, ನಗರ ಸಾರಿಗೆ ಶೇ 2. ಒಟ್ಟು ಶೇ 26, ಅಂದರೆ ₹1,092. ಕಸದ ಉಪಕರ ಬೇರೆ. ಏಪ್ರಿಲ್‌ನಲ್ಲಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ, ₹210 ಕಡಿಮೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮಾರ್ಚ್ ಮುಗಿಯುವವರೆಗೂ ಬಿಟ್ಟರೆ ಒಂಬತ್ತು ತಿಂಗಳಿಗೆ ಶೇ 18, ₹756.

ಇದೇ ಮನೆ ಮಾರಾಟವಾಯಿತು ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ ₹2,55,360. ಮನೆಯ ಮುಂದೆ ರಸ್ತೆ, ನೀರು, ಚರಂಡಿ, ದೀಪ ಒದಗಿಸುವ ಪಾಲಿಕೆಗೆ ಅದೇ ಮನೆಯಿಂದ ಅಷ್ಟು ಹಣ ಬರಬೇಕಾದರೆ ಇಂದಿನ ಲೆಕ್ಕದಲ್ಲಿ ಸುಮಾರು 61 ವರ್ಷ ಬೇಕು. ಉಪನೋಂದಣಿ ಕಚೇರಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಅದು ಜಮೆಯಾಗುತ್ತದೆ. ಕಂದಾಯದ ಚರ್ಚೆಯಲ್ಲಿ ಈ ಹೋಲಿಕೆಯನ್ನು ಯಾರೂ ಮುಂದಿಡುವುದಿಲ್ಲವಲ್ಲ ಎಂಬುದು ನಮಗೆ ನಿಜಕ್ಕೂ ನೋವಿನ ಸಂಗತಿ.

ಮಾರ್ಗಸೂಚಿ ಬೆಲೆ ಎಂಬ ಒಂದೇ ಎತ್ತನ್ನು ಎರಡು ಗಾಡಿಗೆ ಕಟ್ಟಿದ್ದೇವೆ. ಎಳೆಯುವ ಹಗ್ಗ ಇರುವುದು ನೋಂದಣಿ ಇಲಾಖೆಯ ಕೈಯಲ್ಲಿ. ಖಜಾನೆಗೆ ಆದಾಯ ಬೇಕಾದಾಗ ಅದು ಏರುತ್ತದೆ, ರಿಯಲ್ ಎಸ್ಟೇಟ್ ಮಂಕಾದಾಗ ವರ್ಷಗಟ್ಟಲೆ ನಿಲ್ಲುತ್ತದೆ. ಐದು ವರ್ಷ ಹೆಚ್ಚುಕಡಿಮೆ ಮುಟ್ಟದೆ ಇಟ್ಟು, 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ಸರಾಸರಿ ಶೇ 30 ಏರಿಸಿದಿರಿ. ನಮ್ಮ ಉದಾಹರಣೆಯ ಮನೆಯ ಬೆಲೆ ಅಷ್ಟೇ ಏರಿದರೆ ₹4,200 ಇದ್ದ ತೆರಿಗೆ ₹5,460 ಆಗುತ್ತದೆ. ಪೆನ್ಷನ್ ಶೇ 30 ಏರಿರುವುದಿಲ್ಲ. ಮನೆ ಮಾರದವರ ಪಾಲಿಗೆ ಏರಿದ ಬೆಲೆ ಕಾಗದದ ಮೇಲಷ್ಟೇ ಇರುವ ಬೆಲೆ. ಜನ ಕೆರಳುವುದು ಇಲ್ಲೇ. ಅದನ್ನು ತಿಳಿಗೇಡಿತನ ಎನ್ನಲಾಗದು.

ಈಗ ರಾಜ್ಯದ ಖಜಾನೆಯ ಮಾತು. 2025–26ರ ಬಜೆಟ್ ಗಾತ್ರ ₹4,09,549 ಕೋಟಿ. ರಾಜಸ್ವ ಕೊರತೆ ₹19,262 ಕೋಟಿ. ಆ ಒಂದು ವರ್ಷಕ್ಕೆ ಎತ್ತುವ ಸಾಲ ಸುಮಾರು ₹1.16 ಲಕ್ಷ ಕೋಟಿ. ರಾಜಸ್ವ ಕೊರತೆ ಎಂದರೆ ದಿನನಿತ್ಯದ ಖರ್ಚಿಗೂ ಸಾಲ ಮಾಡುವ ಸ್ಥಿತಿ. ಐದು ಗ್ಯಾರಂಟಿಗಳಿಗೆ ಸುಮಾರು ₹51,000 ಕೋಟಿ ಮೀಸಲಿತ್ತು. ಅವು ಬೇಕೋ ಬೇಡವೋ ಎಂಬುದು ಈ ಪತ್ರದ ವಿಷಯವಲ್ಲ. ಅವುಗಳಿಂದ ಅಡುಗೆಮನೆ ನಡೆಯುತ್ತಿರುವ ಮನೆಗಳು ಈ ಊರಿನಲ್ಲೂ ಇವೆ. ಕೇಂದ್ರದ ತೆರಿಗೆ ಪಾಲಿನಲ್ಲಿ ರಾಜ್ಯಕ್ಕೆ ಅನ್ಯಾಯವಾಗಿದೆ ಎಂಬ ನಿಮ್ಮ ವಾದವನ್ನೂ ಒಪ್ಪುತ್ತೇವೆ. 14ನೇ ಹಣಕಾಸು ಆಯೋಗ ಕೊಟ್ಟ ಶೇ 4.713ರ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ದೆಹಲಿಗೆ ನೀವು ಕೇಳುವ ಪ್ರಶ್ನೆಯನ್ನೇ ನಾವು ದಾವಣಗೆರೆಯಿಂದ ನಿಮಗೆ ಕೇಳುತ್ತಿದ್ದೇವೆ: ಮೇಲಿನವರ ಕೈ ಬಿಗಿಯಾದಾಗ ಕೆಳಗಿನವರ ಪಾಲನ್ನೇ ಯಾಕೆ ಮೊದಲು ಹಿಡಿಯುತ್ತೀರಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಿಡಿಯುವುದು ಹೇಗೆ ಎಂದರೆ ಹೀಗೆ. ಸಂವಿಧಾನದ 243 ವೈ ವಿಧಿಯಂತೆ ರಾಜ್ಯ ಹಣಕಾಸು ಆಯೋಗ (ಎಸ್‌ಎಫ್‌ಸಿ) ಇದೆ, ಅದರ ಶಿಫಾರಸಿನಂತೆ ಎಸ್‌ಎಫ್‌ಸಿ ಅನುದಾನ ಬರುತ್ತದೆ. ಅದರಲ್ಲಿ ವೇತನದ ಪಾಲು ಬೇರೆ, ವಿದ್ಯುತ್‌ನ ಪಾಲು ಬೇರೆ, ಪಾಲಿಕೆ ತನ್ನಿಚ್ಛೆಯಂತೆ ಖರ್ಚು ಮಾಡಬಹುದಾದ ಮುಕ್ತ ನಿಧಿ ಬೇರೆ. ನಮ್ಮ ನೀರು ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ, ಟಿ.ವಿ. ಸ್ಟೇಷನ್ ಕೆರೆಗೆ ಬರುತ್ತದೆ. ಇನ್ನೊಂದು ಪಾಲನ್ನು ರಾಜನಹಳ್ಳಿಯ ನೀರೆತ್ತುವ ಜಾಕ್‌ವೆಲ್‌ನಿಂದ, ತುಂಗಭದ್ರೆಯಿಂದ, ಪಂಪು ಮಾಡಿ ತರಬೇಕು. ಹಾಗಾಗಿ ವಿದ್ಯುತ್ ಬಿಲ್ಲು ನಿಲ್ಲಿಸಲಾಗದ ಖರ್ಚು. ಈ ಬಿಲ್ಲಿನ ಬಾಕಿಯನ್ನು ಸರ್ಕಾರ ಮೇಲಿನಿಂದಲೇ ವಿದ್ಯುತ್ ಕಂಪನಿ ಬೆಸ್ಕಾಂ ಲೆಕ್ಕಕ್ಕೆ ಹೊಂದಿಸಿದಾಗ, ಯಾವ ಮೀಟರಿಗೆ ಎಷ್ಟು ಎಂಬುದು ಪಾಲಿಕೆಯ ಲೆಕ್ಕಶಾಖೆಗೆ ತಾಳೆಯಾಗಬೇಕು. ಕೆಟ್ಟುಹೋದ ಮೀಟರಿಗೆ ಸರಾಸರಿ ಬಿಲ್ಲು, ಬಳಕೆಯಲ್ಲಿಲ್ಲದ ಕೊಳವೆಬಾವಿಯ ವಿದ್ಯುತ್ ಸಂಪರ್ಕಕ್ಕಿದ್ದ ಹಳೇ ಆರ್‌.ಆರ್. ಸಂಖ್ಯೆಗೆ ನಿಗದಿತ ಶುಲ್ಕ, ಇಂಥವು ತಾಳೆ ಮಾಡದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಮುಕ್ತ ನಿಧಿಯದು ಇನ್ನೊಂದು ಕಷ್ಟ. ಹಣ ಮಾರ್ಚ್ ಕೊನೆಗೆ ಬಂದರೆ ಟೆಂಡರ್ ಕರೆಯುವ ಸಮಯ ಮುಗಿದಿರುತ್ತದೆ. ಕಾಗದದಲ್ಲಿ ಅನುದಾನ ಬಿಡುಗಡೆ, ಬೀದಿಯಲ್ಲಿ ಗುಂಡಿ ಹಾಗೇ.

ಕಂದಾಯ ನಿಲ್ಲಿಸಿಬಿಡಿ ಎನ್ನುವವರಿಗೂ ಒಂದು ಲೆಕ್ಕ ತಿಳಿಸಬೇಕು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನಗರ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಷರತ್ತು ಹಾಕಿತು: ರಾಜ್ಯ ಆಸ್ತಿ ತೆರಿಗೆಯ ಕನಿಷ್ಠ ದರ ಪ್ರಕಟಿಸಬೇಕು, ಆಮೇಲೆ ತೆರಿಗೆ ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಬೆಳವಣಿಗೆಗೆ ಸಮನಾಗಿ ಬೆಳೆಯಬೇಕು. ಅದಕ್ಕೂ ಮೊದಲು, 2020ರ ಮೇನಲ್ಲಿ, ಕೋವಿಡ್ ಕಾಲದ ಹೆಚ್ಚುವರಿ ಸಾಲಕ್ಕೆ ಕೇಂದ್ರ ಹಾಕಿದ ಷರತ್ತುಗಳಲ್ಲೂ ಇದೊಂದಿತ್ತು: ಆಸ್ತಿ ತೆರಿಗೆಯ ಕನಿಷ್ಠ ದರ ಮಾರ್ಗಸೂಚಿ ಬೆಲೆಗೆ ಹೊಂದಿರಬೇಕು. ಅಂದರೆ ರಾಜ್ಯ ಎಷ್ಟು ಸಾಲ ಎತ್ತಬಹುದು ಎಂಬುದಕ್ಕೂ ನಮ್ಮೂರಿನ ಕೆ.ಟಿ.ಜೆ. ನಗರದ ಮನೆಯೊಂದರ ಕಂದಾಯಕ್ಕೂ ಗಂಟು ಬಿದ್ದದ್ದು ಆಗಲೇ. ಇಂಥ ಷರತ್ತು ಇರುವಾಗ ವಸೂಲಿಯನ್ನು ನಿಲ್ಲಿಸಿದರೆ ತೆರಿಗೆಯೂ ಹೋಯಿತು, ಅನುದಾನವೂ ಹೋಯಿತು. ಆದರೆ ಗಮನಿಸಿ: ಷರತ್ತು ಕೇಳುವುದು ವಸೂಲಿ ಬೆಳೆಯಲಿ ಎಂದು. ಕಟ್ಟುತ್ತಿರುವವರ ದರವನ್ನೇ ಏರಿಸಿ ಎಂದು ಅದು ಎಲ್ಲೂ ಹೇಳಿಲ್ಲ.

ಮೌಲ್ಯವನ್ನೇ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸುಮಾರು ಅರ್ಧ ಶತಮಾನದ ಅನುಭವವಿದೆ. 1978ರ ಜೂನ್ 6ರಂದು ಅಲ್ಲಿನ ಮತದಾರರು ಪ್ರೊಪೊಸಿಷನ್ 13 ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟರು. ತೆರಿಗೆ ಆಸ್ತಿ ಮೌಲ್ಯದ ಶೇ 1 ಮೀರಬಾರದು. ಮೌಲ್ಯವನ್ನು 1975–76ರ ಮಟ್ಟಕ್ಕೆ ಇಳಿಸಿ, ಅಲ್ಲಿಂದ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸಬಾರದು. ಮಾರಾಟವಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ. ಅಲ್ಲಿಯೂ ಜನರ ಸಿಟ್ಟಿಗೆ ಕಾರಣವಿತ್ತು: ಮನೆಗಳ ಬೆಲೆ ಜಿಗಿದು, ಬಿಲ್ಲುಗಳೂ ಜಿಗಿದಿದ್ದವು, ಸರ್ಕಾರ ಹೊತ್ತಿಗೆ ಸರಿಯಾಗಿ ಪರಿಹಾರ ಕೊಡಲಿಲ್ಲ. ಆಮೇಲೆ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಒಮ್ಮೆಗೇ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ರಾಜ್ಯದ ಬಳಿ ಆಗ ಹೆಚ್ಚುವರಿ ಹಣವಿತ್ತು, ಅದನ್ನು ಕೊಟ್ಟು ಎತ್ತಿ ಹಿಡಿಯಿತು. ಎತ್ತಿ ಹಿಡಿದ ಕೈಯೇ ಹಂಚುವ ಕೈಯೂ ಆಯಿತು. ಸ್ಥಳೀಯ ತೆರಿಗೆ ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. 1990ರ ದಶಕದ ಮೊದಲಲ್ಲಿ ರಾಜ್ಯಕ್ಕೇ ಕೊರತೆ ಬಂದಾಗ, ಊರುಗಳ ಮತ್ತು ಕೌಂಟಿಗಳ ಆಸ್ತಿ ತೆರಿಗೆಯ ಒಂದು ಪಾಲನ್ನು ಶಾಲೆಗಳ ಲೆಕ್ಕಕ್ಕೆ ತಿರುಗಿಸಿ, ತಾನು ಶಾಲೆಗಳಿಗೆ ಕೊಡಬೇಕಾದದ್ದನ್ನು ಅಷ್ಟು ಉಳಿಸಿಕೊಂಡಿತು. 2009ರ ಜುಲೈನಲ್ಲಿ ಆ ರಾಜ್ಯ ಬಾಕಿ ತೀರಿಸಲು ಹಣವಿಲ್ಲದೆ ಸಾಲಚೀಟಿ ಬರೆದುಕೊಟ್ಟಿತು. ಅದಕ್ಕೆ ಕಾರಣ ಈ ಮಿತಿಯೊಂದೇ ಅಲ್ಲ. ಆರ್ಥಿಕ ಕುಸಿತವೂ ಇತ್ತು, ತೆರಿಗೆ ಏರಿಸಲು ಶಾಸನಸಭೆಯಲ್ಲಿ ಮೂರನೇ ಎರಡು ಬಹುಮತ ಬೇಕೆಂಬ ಅದೇ ನಿಯಮದ ಕಟ್ಟಳೆಯೂ ಇತ್ತು. ಆದರೆ ಪ್ರತಿ ಬಿಕ್ಕಟ್ಟಿನಲ್ಲೂ ಊರುಗಳು ಕೈ ಚಾಚುವ ಸ್ಥಿತಿಗೆ ಬಂದದ್ದು ತಮ್ಮದೇ ಆದಾಯದ ಬೇರು ಕತ್ತರಿಸಿದ್ದರಿಂದ.

ಇನ್ನೊಂದು ಪರಿಣಾಮವೂ ಉಂಟು. ಅಲ್ಲಿ ಅಕ್ಕಪಕ್ಕದ ಎರಡು ಒಂದೇ ತರಹದ ಮನೆಗಳಲ್ಲಿ, ಹಳಬರು ಕಟ್ಟುವುದರ ಹಲವು ಪಟ್ಟು ಹೊಸಬರು ಕಟ್ಟುತ್ತಾರೆ. ಕೈ ಬದಲಾಗದ ವಾಣಿಜ್ಯ ಆಸ್ತಿಗೆ ದೊಡ್ಡ ಲಾಭ. ಅದಕ್ಕೆ ಮಾತ್ರ ಚಾಲ್ತಿ ಬೆಲೆ ಹಾಕೋಣವೆಂಬ ಪ್ರಸ್ತಾಪ 2020ರ ನವೆಂಬರ್‌ನಲ್ಲಿ ಮತದಾನದಲ್ಲಿ ಬಿದ್ದುಹೋಯಿತು. ಒಮ್ಮೆ ಹಾಕಿದ ಇಂಥ ಗಂಟು ಬಿಚ್ಚುವುದು ಅಷ್ಟು ಕಷ್ಟ. ನಮ್ಮೂರಿನ ಮಂಡಿಪೇಟೆ, ಚೌಕಿಪೇಟೆಯಲ್ಲಿ ತಲೆಮಾರುಗಳಿಂದ ಕೈ ಬದಲಾಗದ ಮಳಿಗೆಗಳಿಗೆ ಹಳೇ ಬೆಲೆ, ಆವರಗೆರೆಯ ಕಡೆ ಸಾಲ ಮಾಡಿ ಹೊಸ ಮನೆ ಕೊಂಡವರಿಗೆ ಇಂದಿನ ಬೆಲೆ ಎಂದರೆ ಹೇಗಿರುತ್ತದೆ, ಯೋಚಿಸಿ.

ಹಾಗಾದರೆ ವಸೂಲಿ ಬೆಳೆಯಬೇಕಾದದ್ದು ಎಲ್ಲಿಂದ? ಮತ್ತೆ ಅದೇ 30x40 ನಿವೇಶನಕ್ಕೆ ಬನ್ನಿ. ಪಾಲಿಕೆಯ ವಹಿಯಲ್ಲಿ ನೆಲ ಅಂತಸ್ತು ಮಾತ್ರ ಇದೆ, ಮೇಲೆ ಎರಡು ಮಹಡಿ ಎದ್ದಿವೆ. ಮೂರೂ ಸೇರಿ 2,400 ಚದರಡಿ ಕಟ್ಟಡ, ಒಟ್ಟು ಬೆಲೆ ₹52.8 ಲಕ್ಷ, ತೆರಿಗೆ ₹6,600 ಆಗಬೇಕು. ಬರುತ್ತಿರುವುದು ₹4,200. ಖೋತಾ ₹2,400. ದರವನ್ನು ಶೇ 3 ಏರಿಸಿದರೆ ಸರಿಯಾಗಿ ಘೋಷಿಸಿದ ಒಂದು ಮನೆಯಿಂದ ಹೆಚ್ಚಿಗೆ ಬರುವುದು ₹126. ಅಂದರೆ ವಹಿಗೆ ಏರದ ಈ ಒಂದು ಕಟ್ಟಡದ ಖೋತಾ ತುಂಬಲು ಸುಮಾರು 19 ಪ್ರಾಮಾಣಿಕ ಮನೆಗಳ ಏರಿಕೆ ಬೇಕು. ನಮ್ಮ ಇಡೀ ಪತ್ರದ ಸಾರ ಈ ಲೆಕ್ಕದಲ್ಲಿದೆ.

ಇಂಥ ಕಟ್ಟಡ ಹುಡುಕಲು ಹೊಸ ಸಮೀಕ್ಷೆಗೆ ಕೋಟಿ ಸುರಿಯುವ ಮುನ್ನ ಕೈಯಲ್ಲೇ ಇರುವ ಪಟ್ಟಿಗಳನ್ನು ಹೊಂದಿಸಿ ನೋಡಿ. ಬೆಸ್ಕಾಂನ ಆರ್‌.ಆರ್. ಸಂಖ್ಯೆಗಳ ಪಟ್ಟಿಯನ್ನು ಪಾಲಿಕೆಯ ಆಸ್ತಿ ಸಂಖ್ಯೆಗೆ ಜೋಡಿಸಿ. ಒಂದೇ ವಾಸದ ಖಾತೆಗೆ ಮೂರು ಮನೆ ಮೀಟರು, ಅಥವಾ ವಾಸದ ಖಾತೆಗೆ ಎಲ್‌ಟಿ–3 ವಾಣಿಜ್ಯ ಮೀಟರು ಇದ್ದರೆ ಅದನ್ನು ಕೆಂಪು ಗುರುತು ಮಾಡಿ. ಉದ್ದಿಮೆ ಪರವಾನಗಿಯ ಪಟ್ಟಿ, ನಲ್ಲಿ ಸಂಪರ್ಕದ ಪಟ್ಟಿ, ಕಟ್ಟಡ ಪರವಾನಗಿಯ ವಹಿ, ಇವು ಮೂರನ್ನೂ ಹೀಗೇ ಹೊಂದಿಸಿ. ಗುರುತಾದ ಆಸ್ತಿಗಳಿಗೆ ಮಾತ್ರ ಕಂದಾಯ ನಿರೀಕ್ಷಕರು ಟೇಪು ಹಿಡಿದು ಹೋಗಲಿ. ವಿಳಾಸದ ಬರಹ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಹೆಸರಿನ ಮೇಲೆ ಜೋಡಿಸಲು ಹೋದರೆ ಕೆಲಸ ಕೆಡುತ್ತದೆ. ಬಿಲ್ ಕಲೆಕ್ಟರ್ ಮನೆಗೆ ಹೋದಾಗಲೇ ಮೀಟರಿನ ಆರ್‌.ಆರ್. ಸಂಖ್ಯೆ ಬರೆದುಕೊಂಡು ಬಂದರೆ ಆಸ್ತಿಗೂ ಮೀಟರಿಗೂ ನಂಟು ಗಟ್ಟಿಯಾಗುತ್ತದೆ. ಒಂದು ವಾರ್ಡಿನಲ್ಲಿ ಮಾಡಿ ನೋಡಿ, ಆಮೇಲೆ 45 ವಾರ್ಡಿಗೂ ಹೋಗಿ. ಸಿಕ್ಕಿಬಿದ್ದವರಿಗೆ ಮೊದಲ ದಿನವೇ ಹಳೇ ವರ್ಷಗಳ ದಂಡ ಹೇರಿದರೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ತಾವಾಗಿ ತಿದ್ದಿ ಘೋಷಿಸಲು ಮೂರು ತಿಂಗಳ ಕಾಲ ಕೊಡಿ.

ಕಟ್ಟುವವರ ಕಡೆಯಿಂದಲೂ ತಪ್ಪುಗಳಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಮೋಸವಲ್ಲ. ಸ್ವಯಂ ಘೋಷಣೆ ತುಂಬುವಾಗ ಅಡ್ಡರಸ್ತೆಯ ಮನೆಗೆ ಮುಖ್ಯರಸ್ತೆಯ ಮಾರ್ಗಸೂಚಿ ಬೆಲೆ ಬೀಳುತ್ತದೆ, ಕೆಲವೊಮ್ಮೆ ಅದರ ಉಲ್ಟಾ. ಕಟ್ಟಿದ ವರ್ಷ ಖಾಲಿ ಬಿಟ್ಟರೆ ಮೂವತ್ತು ವರ್ಷದ ಮನೆಗೂ ಸವಕಳಿ ಸಿಗದೆ ಹೊಸ ಕಟ್ಟಡದ ಬೆಲೆ ಹತ್ತುತ್ತದೆ. ಮುಂಭಾಗದಲ್ಲಿ 10x12ರ ಒಂದು ಅಂಗಡಿ ಇದ್ದರೆ ಆ 120 ಚದರಡಿಗೆ ಮಾತ್ರ ವಾಣಿಜ್ಯ ದರ. ಇಡೀ ಮನೆಗೆ ಹಾಕಿದ್ದರೆ ಆಕ್ಷೇಪಣೆ ಸಲ್ಲಿಸಿ. ಚಲನ್‌ನಲ್ಲಿ ಆಸ್ತಿ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಹಣ ಬ್ಯಾಂಕಿಗೆ ಬಂದಿರುತ್ತದೆ, ನಿಮ್ಮ ಖಾತೆಯಲ್ಲಿ ಬಾಕಿ ಮತ್ತು ತಿಂಗಳಿಗೆ ಶೇ 2 ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಹಳೇ ರಸೀದಿ ಎಸೆಯಬೇಡಿ.

ಪಾಲಿಕೆಯ ವಹಿಯಲ್ಲೂ ಅಂಥದೇ ತಪ್ಪು. ಅಪ್ಪನ ಹೆಸರಿನ ಖಾತೆ ವಿಭಾಗವಾಗಿ ಮೂವರು ಮಕ್ಕಳಿಗೆ ಹೊಸ ಖಾತೆ ಆಗಿರುತ್ತದೆ, ಹಳೆಯದನ್ನು ಮುಚ್ಚಿರುವುದಿಲ್ಲ. ನಾಲ್ಕು ಖಾತೆಗೂ ಬೇಡಿಕೆ ಹುಟ್ಟುತ್ತದೆ, ಒಂದು ಎಂದೂ ವಸೂಲಾಗುವುದಿಲ್ಲ. ಬೇಡಿಕೆ, ವಸೂಲಿ, ಬಾಕಿಯ ಡಿಸಿಬಿ ತಖ್ತೆಯಲ್ಲಿ ಈ ಸುಳ್ಳು ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತದೆ. ಆ ತಖ್ತೆ ನೋಡಿದ ಮೇಲಧಿಕಾರಿಗಳು ದಾವಣಗೆರೆಯ ಜನ ಕಂದಾಯ ಕಟ್ಟುವುದಿಲ್ಲ ಎಂದುಕೊಳ್ಳುತ್ತಾರೆ. ಇ–ಆಸ್ತಿ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ದಾಖಲೆ ಏರಿಸುವಾಗಲೇ ಇಂಥ ಸತ್ತ ಖಾತೆಗಳನ್ನು ಮುಚ್ಚಬೇಕು. ಇಲ್ಲದಿದ್ದರೆ ಕಾಗದದ ತಪ್ಪು ಕಂಪ್ಯೂಟರಿನ ತಪ್ಪಾಗಿ ಗಟ್ಟಿಯಾಗುತ್ತದೆ.

ರೆವಿನ್ಯೂ ನಿವೇಶನಗಳ (ಅನುಮೋದನೆಯಿಲ್ಲದ ಬಡಾವಣೆಗಳ ನಿವೇಶನ) ಬಿ–ಖಾತೆ, ಅಂದರೆ ಅಂಥ ಆಸ್ತಿಗಳ ಪ್ರತ್ಯೇಕ ವಹಿಯ ವಿಷಯ ಚಿಕ್ಕದಾಗಿ: ಅವುಗಳ ಮಾಲೀಕರನ್ನು ತೆರಿಗೆ ಜಾಲಕ್ಕೆ ತಂದದ್ದು ಸರಿ. ಆದರೆ ಆ ಬಡಾವಣೆಗಳಿಂದ ಬಂದ ಹಣದ ಒಂದು ಪಾಲು ಅಲ್ಲಿನ ರಸ್ತೆ, ಚರಂಡಿಗೇ ಹೋಗಬೇಕು, ಅದನ್ನು ಬೇರೆ ಲೆಕ್ಕಶೀರ್ಷಿಕೆಯಲ್ಲಿ ತೋರಿಸಬೇಕು.

ಇನ್ನು ನಾವು ಕೇಳುವ ಮಿತಿ. ಮಾರ್ಗಸೂಚಿ ಬೆಲೆ ಒಮ್ಮೆಲೇ ಏರಿದಾಗ ಅದರ ಭಾರವನ್ನು ಮೂರು ವರ್ಷಕ್ಕೆ ಹರಡಿ. ₹4,200ರಿಂದ ₹5,460ಕ್ಕೆ ಹೋಗಬೇಕಾದ ಮನೆ ಮೊದಲ ವರ್ಷ ₹4,620, ಎರಡನೇ ವರ್ಷ ₹5,040, ಮೂರನೇ ವರ್ಷ ₹5,460 ಕಟ್ಟಲಿ. ಮೌಲ್ಯ ಚಾಲ್ತಿಯಲ್ಲೇ ಇರುತ್ತದೆ, ಬಿಲ್ಲು ಮಾತ್ರ ನಿಧಾನಕ್ಕೆ ಏರುತ್ತದೆ. ಹೊಸ ಮಹಡಿ ಕಟ್ಟಿದವರಿಗೆ, ವಾಸದ ಮನೆಯನ್ನು ಅಂಗಡಿ ಮಾಡಿದವರಿಗೆ ಈ ಹರಡುವಿಕೆ ಬೇಡ. ಮನೆ ಮಾರಾಟವಾಯಿತೆಂದು ಕೊಂಡವರ ತೆರಿಗೆಯನ್ನು ಬೇರೆ ಮಾಡಲೂ ಬೇಡ. ಹರಡುವ ಆ ವರ್ಷಗಳಲ್ಲಿ ಶೇ 3ರ ವಾರ್ಷಿಕ ಏರಿಕೆಯನ್ನು ಅದರ ಮೇಲೆ ಪೇರಿಸಬಾರದು. ಇದಕ್ಕೆ ಕಾಯ್ದೆಗೆ ಸಣ್ಣ ತಿದ್ದುಪಡಿ ಸಾಕು.

ನೋಂದಣಿ ಇಲಾಖೆ ಬೆಲೆ ಪರಿಷ್ಕರಿಸುವುದಾದರೆ ಆದೇಶ ಡಿಸೆಂಬರ್ ಒಳಗೆ ಆಗಲಿ. ಪಾಲಿಕೆಗೆ ಜನವರಿಯಿಂದ ಮಾರ್ಚ್‌ವರೆಗೆ ತಂತ್ರಾಂಶದಲ್ಲಿ ದರ ಏರಿಸಿ, ಪರೀಕ್ಷಿಸಿ, ಜನರ ಆಕ್ಷೇಪಣೆ ಕೇಳಲು ಸಮಯ ಬೇಕು. ಏಪ್ರಿಲ್‌ನಲ್ಲಿ ತಂತ್ರಾಂಶ ಸಿದ್ಧವಾಗದೆ ಜನ ಕಟ್ಟಲಾಗದಿದ್ದರೆ, ಶೇ 5ರ ರಿಯಾಯಿತಿಯನ್ನು ಕಳೆದುಕೊಂಡ ದಿನಗಳಷ್ಟು ತಾನಾಗಿಯೇ ಮುಂದೂಡುವ ನಿಯಮ ಇರಲಿ. ಪ್ರತಿ ವರ್ಷ ಮನವಿ ಕೊಡಿಸಿಕೊಂಡು ಆದೇಶ ಹೊರಡಿಸುವುದು ಬೇಡ.

ರಸೀದಿಯಲ್ಲಿ ಪಾಲಿಕೆಗೆ ಉಳಿಯುವ ತೆರಿಗೆ ಮತ್ತು ಬೇರೆಯವರಿಗೆ ಹೋಗುವ ಸೆಸ್ ಎರಡು ಬೇರೆ ಬೇರೆ ಮೊತ್ತವಾಗಿ ದಪ್ಪಕ್ಷರದಲ್ಲಿ ಕಾಣಲಿ. ಎಸ್‌ಎಫ್‌ಸಿ ಮುಕ್ತ ನಿಧಿ ಪ್ರತಿ ತ್ರೈಮಾಸಿಕದ ಮೊದಲ ತಿಂಗಳಲ್ಲಿ ಬರಲಿ. ತಡವಾದರೆ, ಜನರ ಮೇಲೆ ಹಾಕುವ ತಿಂಗಳಿಗೆ ಶೇ 2ರ ದಂಡವನ್ನು ಸರ್ಕಾರವೂ ಪಾಲಿಕೆಗೆ ಕಟ್ಟಲಿ. ಕೇಂದ್ರದ ಆಸ್ತಿಗಳಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆ ಇದೆ, ಸರ್ಕಾರಿ ಕಚೇರಿಗಳಿಗೂ ವಿನಾಯಿತಿ ಇದೆ. ಆದರೆ ಅವೂ ಇದೇ ನೀರು ಕುಡಿಯುತ್ತವೆ, ಇದೇ ಚರಂಡಿಗೆ ಬಿಡುತ್ತವೆ. ಅವುಗಳಿಂದ ಬರಬೇಕಾದ ಸೇವಾ ಶುಲ್ಕದ ಬಾಕಿಯನ್ನು ಕಚೇರಿವಾರು ಪ್ರಕಟಿಸಿ.

ಪಾಲಿಕೆ ಆಯುಕ್ತರಲ್ಲಿ ನಮ್ಮ ಮೊದಲ ಕೋರಿಕೆ ಇಷ್ಟು: ಚುನಾಯಿತ ಕೌನ್ಸಿಲ್ ಇರಲಿ, ಆಡಳಿತಾಧಿಕಾರಿ ಇರಲಿ, ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಹದಿನೈದು ದಿನ ಮೊದಲು ವಾರ್ಡ್‌ವಾರು ಡಿಸಿಬಿ ತಖ್ತೆಯನ್ನು, ಸತ್ತ ಖಾತೆಗಳ ಬಾಕಿ ಬೇರೆ ತೋರಿಸಿ, ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸಿ. ಅದರ ಪ್ರತಿ ಹಿಡಿದು ಸಭೆಗೆ ಬರುತ್ತೇವೆ. ಪಟ್ಟಿಗಳನ್ನು ಹೊಂದಿಸುವ ಕೆಲಸಕ್ಕೆ ಮೊದಲ ವಾರ್ಡು ಯಾವುದೆಂದು ನೀವು ಆರಿಸಿದರೆ, ಲೆಕ್ಕ ಬಲ್ಲವರು ನಾವು ಸಂಬಳವಿಲ್ಲದೆ ಕೂತು ಮಾಡಿಕೊಡಲು ಸಿದ್ಧ.

ಇಂತಿ,
ಲೆಕ್ಕಪತ್ರ ಮತ್ತು ಕಂದಾಯದ ಕೆಲಸ ಬಲ್ಲ ದಾವಣಗೆರೆಯ ಕೆಲವು ತೆರಿಗೆದಾರರು